ಏಳದ ಡ್ರಮ್ಮು

ಅತ್ತೆಯ ಕೆಮ್ಮು ಮೂರನೆಯ ರೊಟ್ಟಿಗೆ ಶುರುವಾಗುತ್ತಿತ್ತು. ಮೊದಲ ರೊಟ್ಟಿಯ ಹೊತ್ತಿಗೆ ಕಣ್ಣು ಒರೆಸಿಕೊಳ್ಳುವುದು, ಎರಡನೆಯದಕ್ಕೆ ಗಂಟಲು ಸರಿಮಾಡಿಕೊಳ್ಳುವುದು, ಮೂರನೆಯದನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುವಷ್ಟರಲ್ಲಿ ಎದೆಯ ಆಳದಿಂದ ಆ ಸದ್ದು. ಒಂದು ಕೈಯಲ್ಲಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ರೊಟ್ಟಿ ತಿರುವಿ ಹಾಕುತ್ತಿದ್ದರು. ಅಷ್ಟು ಕೆಮ್ಮಿನ ನಡುವೆಯೂ ಒಂದು ರೊಟ್ಟಿ ಸೀದದ್ದನ್ನು ನಾನು ನೋಡಲಿಲ್ಲ. ಮಗ್ಗುಲಲ್ಲಿ ಹಿಟ್ಟು ನಾದುತ್ತ ಕೂತ ನನಗೆ ಅದೇ ಸಿಟ್ಟು ತರಿಸುತ್ತಿತ್ತು. ಒಂದಾದರೂ ಸೀಯಬಾರದೇ, ಈ ಮುದುಕಿಗೆ ಇನ್ನು ಆಗುವುದಿಲ್ಲ ಎಂದು ಈ ಮನೆಯಲ್ಲಿ ಒಬ್ಬರಾದರೂ ಅನ್ನಬಾರದೇ ಎಂದು.

ಹಡಗಲಿ ತಾಲ್ಲೂಕಿನಲ್ಲಿ, ಇಟ್ಟಿಗಿಯ ಕಡೆಯ ಒಂದು ಹಳ್ಳಿ ಅದು. ನಾನು ಮದುವೆಯಾಗಿ ಬಂದು ಐದಾರು ವರ್ಷವಾಗಿತ್ತು. ತೊಂಬತ್ತರ ದಶಕದ ನಡುಭಾಗ. ಒಲೆಗೆ ಬಳ್ಳಾರಿ ಜಾಲಿಯ ಕಟ್ಟಿಗೆ, ಹತ್ತಿಕಟ್ಟಿಗೆ, ಮಳೆಗಾಲಕ್ಕೆ ಒಟ್ಟಿಟ್ಟ ಸಗಣಿ ಕುಳ್ಳು. ಜಾಲಿ ಒಣಗಿದ್ದರೆ ಚಟಚಟ ಉರಿಯುತ್ತದೆ, ಹಸಿಯಿದ್ದರೆ ತುದಿಯಲ್ಲಿ ಹಳದಿ ನೊರೆ ಉಕ್ಕಿಸುತ್ತ ಬರೀ ಹೊಗೆ ಕಾರುತ್ತದೆ. ಅಡುಗೆಮನೆಯ ಜಂತಿಗಳು ಎಣ್ಣೆ ಹಚ್ಚಿದಂತೆ ಕಪ್ಪಗೆ ಮಿರುಗುತ್ತಿದ್ದವು. ಆ ಕಪ್ಪು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಪೂರ್ತಿ ಉರಿಯದೆ ಉಳಿದ ಇಂಗಾಲ, ಅದರ ಜೊತೆಗೆ ಟಾರಿನಂಥ ಅಂಟು. ಜಂತಿಗೆ ಹತ್ತಿದ್ದು ಅತ್ತೆಯ ಎದೆಗೂ ಹತ್ತಿರಬೇಕಲ್ಲ. ಆ ವರ್ಷ ಮಳೆಗಾಲಕ್ಕೆ ಮುಂಚೆ ಹಗರಿಬೊಮ್ಮನಹಳ್ಳಿಗೆ ಕರೆದುಕೊಂಡು ಹೋದಾಗ ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅತ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ಗುಳಿಗಿ ಬರಕೊಡ್ತೀನ್ರಿ. ಆದರ ಹೊಗಿ ಬಿಡಸಲಿಲ್ಲಂದ್ರ ಈ ಗುಳಿಗಿ ಏನೂ ಮಾಡಂಗಿಲ್ಲ. ಇನ್ನೆರಡು ಮಳಿಗಾಲ ಹಿಂಗ ಒಲಿ ಮುಂದ ಕುಂತ್ರ, ಆಮ್ಯಾಲ ಕುಂದ್ರಾಕೂ ಆಗಂಗಿಲ್ಲ ಇವರಿಗೆ.”

ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಕಿಟಕಿಯ ಹೊರಗೆ ನೋಡುತ್ತ, “ಡಾಕ್ಟರಿಗೇನು, ಅವ್ರ ಮನ್ಯಾಗ ರೊಟ್ಟಿ ಯಾರು ಬಡೀತಾರಂತ?” ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ನನಗೆ ಮುಗಿಯಲಿಲ್ಲ. ಸಿಲಿಂಡರಿಗೆ ಹೆಸರು ಬರೆಸಿ ಕಾಯುತ್ತಿದ್ದೆವು. ಆಗ ಎಲ್ಲರೂ ಕಾಯುತ್ತಿದ್ದರು. ರೇಷನ್ನಿನ ಸೀಮೆಎಣ್ಣೆ ಕಂದೀಲಿಗೆ ಮತ್ತು ಒಲೆ ಹೊತ್ತಿಸಲು ಸಾಕಾದರೆ ದೊಡ್ಡದು. ನನ್ನ ತವರಿನವರು ಕೊಟ್ಟ ಪಂಪ್ ಸ್ಟೌ ಒಂದು ಅಟ್ಟದ ಮೇಲಿತ್ತು. ಒಮ್ಮೆ ಇಳಿಸಿ ಹಚ್ಚಿದ್ದೆ. ಅದು ಭುಸುಗುಟ್ಟಿದ ಸದ್ದಿಗೆ ಕರು ಹಗ್ಗ ಕಿತ್ತುಕೊಂಡಿತು. ಮಾವ ರೊಟ್ಟಿ ಮೂಸಿ ನೋಡಿ, “ಚಿಮಣಿ ಎಣ್ಣಿ ವಾಸ್ನಿ ಬರ್ತೈತಿ” ಎಂದು ತಟ್ಟೆ ಸರಿಸಿದರು. ಸ್ಟೌ ಮತ್ತೆ ಅಟ್ಟ ಸೇರಿತು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದೆ. ಫಲಿತಾಂಶ ಬರುವ ಮೊದಲೇ ಲಗ್ನಪತ್ರ ಬಂದಿತ್ತು. ರಸಾಯನಶಾಸ್ತ್ರ ಕಲಿಸುತ್ತಿದ್ದ ಸಿಸ್ಟರ್ ಮೆತ್ತಗಿನ ದನಿಯವರು, ಬಿಳಿ ಅಂಗಿಯ ತೋಳಿಗೆ ಸೀಮೆಸುಣ್ಣ ಹತ್ತದಂತೆ ಎಡಗೈಯಲ್ಲಿ ಮಡಚಿ ಹಿಡಿದು ಬರೆಯುವವರು. ಹೈಡ್ರೋಕಾರ್ಬನ್ನಿನ ಪಾಠಕ್ಕೆ ನೆನೆಸಿದ ಕಡಲೆ ಮತ್ತು ಬೆಂಕಿಕಡ್ಡಿ ತರಲು ಹೇಳಿದ್ದರು. ದೊಡ್ಡ ಕಡಲೆ ಇಂಗಾಲ, ಸಣ್ಣದು ಜಲಜನಕ. ಒಂದು ದೊಡ್ಡದಕ್ಕೆ ನಾಲ್ಕು ಕಡ್ಡಿ ಚುಚ್ಚಿ, ನಾಲ್ಕು ತುದಿಗೆ ನಾಲ್ಕು ಸಣ್ಣವು: ಮೀಥೇನ್. ದೊಡ್ಡದು ಎರಡಾದರೆ ಈಥೇನ್, ಮೂರಾದರೆ ಪ್ರೊಪೇನ್, ನಾಲ್ಕಾದರೆ ಬ್ಯುಟೇನ್. ಕೊನೆಯ ಎರಡೇ ಸಿಲಿಂಡರಿನಲ್ಲಿ ಇರುವುದು ಎಂದಿದ್ದರು. ಸರಪಳಿ ಬೆಳೆದಂತೆ ಪೆಟ್ರೋಲು, ಸೀಮೆಎಣ್ಣೆ, ಇನ್ನೂ ಬೆಳೆದರೆ ಮೇಣದ ಬತ್ತಿ, ಕೊನೆಗೆ ರಸ್ತೆಯ ಡಾಂಬರು. ಬೆಂಚಿನ ಮೇಲೆ ಉದ್ದಕ್ಕೆ ಸಾಲು ಇಟ್ಟಿದ್ದೆವು. ಗಂಟೆ ಹೊಡೆದ ಮೇಲೆ ಇಂಗಾಲ ಜಲಜನಕ ಎನ್ನದೆ ಎಲ್ಲವನ್ನೂ ತಿಂದುಬಿಟ್ಟೆವು.

ಎಲ್ಲಕ್ಕಿಂತ ಚಿಕ್ಕದಾದ ಆ ಮೀಥೇನು ಗಾಳಿಯಿಲ್ಲದ ಕೆಸರಿನಲ್ಲಿ, ಸಗಣಿಯಲ್ಲಿ, ದನದ ಹೊಟ್ಟೆಯಲ್ಲಿ ತಾನೇ ಹುಟ್ಟುತ್ತದೆ, ಕಣ್ಣಿಗೆ ಕಾಣದ ಜೀವಿಗಳು ಅದನ್ನು ಮಾಡುತ್ತವೆ, ಹಚ್ಚಿದರೆ ನೀಲಿಯಾಗಿ ಹೊಗೆಯಿಲ್ಲದೆ ಉರಿಯುತ್ತದೆ ಎಂದೂ ಸಿಸ್ಟರ್ ಹೇಳಿದ್ದರು. ಐದಾರು ವರ್ಷ ಆ ಮಾತು ನನ್ನೊಳಗೆ ಸುಮ್ಮನೆ ಬಿದ್ದಿತ್ತು. ಮನೆಯ ಹಿಂದೆ ನಾಲ್ಕು ಎತ್ತು, ಎರಡು ಎಮ್ಮೆ, ಒಂದು ಆಕಳು. ಅವುಗಳ ಸಗಣಿ ತಿಪ್ಪೆಗೆ, ತಿಪ್ಪೆ ಮಲ್ಲಿಗೆ ತೋಟಕ್ಕೆ. ಸಿಲಿಂಡರಿಗೆ ಯಾರ್ಯಾರದೋ ಬಾಗಿಲು ಕಾಯುವ ಬದಲು ಕೊಟ್ಟಿಗೆಯ ಬಾಗಿಲು ಕಾಯಬಹುದಿತ್ತು.

ಮಾವನ ಮುಂದೆ ಹೇಳಲು ನನಗೆ ಒಂದು ವಾರ ಬೇಕಾಯಿತು. ಊಟವಾಗಿ ಅಡಿಕೆ ಕತ್ತರಿಸುತ್ತ ಕೂತಿದ್ದರು. ಸರಕಾರದವರು ಗೋಬರ್ ಗ್ಯಾಸಿಗೆ ನೆರವು ಕೊಡುತ್ತಾರೆ, ಗುಂಡಿಯಿಂದ ಹೊರಬಂದ ರಾಡಿ ಗೊಬ್ಬರಕ್ಕೆ ಇನ್ನೂ ಒಳ್ಳೆಯದು ಎಂದೆಲ್ಲ ಒಪ್ಪಿಸಿದೆ. ಮಾವ ಕೇಳಿದರು.

“ಅಲ್ಲವ್ವ, ಒಳಗಿನ ಬೆಂಕಿ ನೀ ತಕ್ಕೊಂಡು ಬೂದಿ ನನ್ನ ಮಲ್ಲಿಗಿಗೆ ಹಾಕ್ತೀ ಏನು? ಉರದ್ಹೋದ ಸಗಣ್ಯಾಗ ಸಾರ ಎಲ್ಲಿರತೈತಿ?”

“ಸಾರ ಹೋಗಂಗಿಲ್ಲ ಮಾವಾರ. ಹೋಗೂದು ಇಂಗಾಲ, ಜಲಜನಕ ಅಷ್ಟ. ಗಿಡಕ್ಕ ಬೇಕಾದ ಸಾರಜನಕ ಅಲ್ಲೇ ಉಳೀತೈತಿ.”

“ಇಂಗಾಲ ಅಂತ, ಜಲ ಅಂತ,” ಎಂದು ಮಗನ ಕಡೆ ನೋಡಿದರು. ನನ್ನ ಗಂಡ ಪೇಪರಿನ ಹಿಂದೆ ಇದ್ದರು. ಮಾವ ಕೊನೆಗೆ ಒಂದು ಗಡುವು ಇಟ್ಟರು. ಸಂಕ್ರಾಂತಿ ಆದ ಮೇಲೆ ಮಲ್ಲಿಗೆ ಗಿಡದ ರೆಂಬೆ ಕತ್ತರಿಸಿ ಸವರುತ್ತಾರೆ. ಸವರಿದ ಕೂಡಲೇ ಬುಡಕ್ಕೆ ಗೊಬ್ಬರ ಬೀಳಬೇಕು, ಇಲ್ಲದಿದ್ದರೆ ಬೇಸಗೆಯ ಹೂವು ಇಲ್ಲ. “ಅಲ್ಲೀತನಕ ನಿನ್ನ ಒಲಿ ಹೊತ್ತಬೇಕು. ಹೊತ್ತಲಿಲ್ಲ, ಗುಂಡಿ ಬಳದು ತೋಟಕ್ಕ ಹಾಕಿ ಮ್ಯಾಲೆ ಮಣ್ಣು ಮುಚ್ಚಸ್ತೀನಿ. ಆಮ್ಯಾಲ ಈ ಮನ್ಯಾಗ ಗ್ಯಾಸಿನ ಮಾತು ಬ್ಯಾಡ.”

ಅತ್ತೆ ಬಾಗಿಲ ಹಿಂದಿನಿಂದ ಕೆಮ್ಮಿದರು. ಆ ಕೆಮ್ಮು ಹೊಗೆಯದ್ದಲ್ಲ, ಒಪ್ಪಿಕೋ ಎಂಬುದು ಎಂದು ನಾನು ತಿಳಿದುಕೊಂಡೆ.

ಗುಂಡಿ ಕಟ್ಟಲು ಕೊಟ್ಟೂರಿನಿಂದ ಮೇಸ್ತ್ರಿ ಬಂದ. ಬಾವಿಯಂಥ ದುಂಡನೆಯ ಗುಂಡಿ, ಅದರ ಮೇಲೆ ಮಗುಚಿ ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ಒಳಗೆ ಗ್ಯಾಸು ಕೂಡಿದಂತೆ ಡ್ರಮ್ಮು ರಾಡಿಯ ಮೇಲೆ ಏಳುತ್ತದೆ, ಉರಿಸಿದಂತೆ ಇಳಿಯುತ್ತದೆ. ಡ್ರಮ್ಮಿನ ನೆತ್ತಿಯಿಂದ ಅಡುಗೆಮನೆಯ ತನಕ ಒಂದು ಪೈಪು. ಗುಂಡಿ ತುಂಬಲು ಓಣಿಯವರ ಸಗಣಿಯೂ ಬೇಕಾಯಿತು, ಹಳ್ಳದ ನೀರನ್ನು ಬಂಡಿಯಲ್ಲಿ ತಂದೆವು. ಆಮೇಲೆ ದಿನಕ್ಕೆ ಇಷ್ಟು ಬುಟ್ಟಿ ಸಗಣಿ, ಅಷ್ಟೇ ನೀರು, ಗಂಜಿಯ ಹದಕ್ಕೆ ಕಲಸಿ ಬಾಯಿಗೆ ಬಿಡಬೇಕು.

ನೀರು ಎಂದ ಕೂಡಲೇ ಅತ್ತೆ ತಡೆದರು. ನಲ್ಲಿ ಬರುತ್ತಿದ್ದುದು ನಾಲ್ಕು ದಿನಕ್ಕೊಮ್ಮೆ. “ಕುಡಿಯೂ ನೀರು ಸಗಣಿಗೆ ಹಾಕಿದ್ರ ಶಿವ ಮೆಚ್ಚಂಗಿಲ್ಲ ತಂಗಿ. ಕೊಟ್ಟಿಗಿ ತೊಳದ ನೀರು ಐತಲ್ಲ, ಅದನ್ನ ಹಾಕ್ರಿ” ಎಂದು ತಾವೇ ದಾರಿ ತೋರಿಸಿದರು. ಕೊಟ್ಟಿಗೆಯ ನೆಲಕ್ಕೆ ಹಾಸುಗಲ್ಲು. ತೊಳೆದ ನೀರೂ ಗಂಜಲವೂ ಕಾಲುವೆಯಲ್ಲಿ ಹರಿದು ಒಂದು ತೊಟ್ಟಿಗೆ ಬೀಳುತ್ತಿತ್ತು. ನನಗೂ ಅದು ಜಾಣತನವೆನ್ನಿಸಿತು. ಒಂದು ಹನಿಯೂ ಹಾಳಾಗುವುದಿಲ್ಲ.

ಕೊಟ್ಟಿಗೆಯ ಕೆಲಸಕ್ಕೆ ಒಬ್ಬ ಹೆಂಗಸು ಬರುತ್ತಿದ್ದಳು, ಅತ್ತೆಯ ವಾರಿಗೆಯವಳು, ಮಾತಿನಲ್ಲಿ ಯಾರಿಗೂ ಸೋಲದವಳು. ಎತ್ತುಗಳು ವಾರವಿಡೀ ಹೊಲದಲ್ಲಿ ಸಗಣಿ ಹಾಕಿ ಬರುವುದರಿಂದ ಮನೆಗೆ ಸಿಕ್ಕುತ್ತಿದ್ದುದು ಕಡಿಮೆ. ಸೋಮವಾರ ಮಾತ್ರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಶಿವನ ವಾರ. ಅವತ್ತು ಕೊಟ್ಟಿಗೆ ತುಂಬ ಸಗಣಿ. “ಸಣ್ಣಮ್ಮಾರ, ನಿಮ್ಮ ಗುಂಡಿಗೆ ವಾರಕ್ಕೊಂದ ದಿನ ಹಬ್ಬದೂಟ ನೋಡ್ರಿ, ಉಳದ ದಿನ ಏಕಾದಶಿ,” ಎನ್ನುತ್ತಿದ್ದಳು.

ಮೂರು ವಾರಕ್ಕೆ ಡ್ರಮ್ಮು ಒಂದು ಗೇಣು ಎದ್ದಿತು. ಆ ಬೆಳಿಗ್ಗೆ ಮನೆಯವರೆಲ್ಲ ಅಡುಗೆಮನೆಯಲ್ಲಿ ನಿಂತರು. ಹೊಸ ಒಲೆಗೆ ಅತ್ತೆ ವಿಭೂತಿ ಹಚ್ಚಿ ಹೂ ಏರಿಸಿದರು. ನಾನು ಕಡ್ಡಿ ಗೀರಿ ಬರ್ನರಿಗೆ ಹಿಡಿದೆ, ತಿರುಪು ತಿರುಗಿಸಿದೆ. ಸುಸ್ಸೆಂದು ಗಾಳಿ ಬಂದು ಕಡ್ಡಿ ಆರಿಹೋಯಿತು. ಇನ್ನೊಂದು ಗೀರಿದೆ. ಅದೂ ಆರಿತು. ಐದನೆಯ ಕಡ್ಡಿಗೆ ಮಾವ ಹೊರಗೆ ನಡೆದರು. ಬಾಗಿಲಲ್ಲಿ ನಿಂತಿದ್ದ ಕೊಟ್ಟಿಗೆಯವಳು, “ಇದು ಒಲಿ ಹಚ್ಚೂದಲ್ಲ ಬಿಡ್ರಿ, ಆರಸೂ ಮಿಷನ್ನು” ಎಂದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ಆಮೇಲೆ ಕಟ್ಟಿಗೆ ಒಲೆಯ ಮುಂದೆ ಕೂತು ಊದುಗೊಳವೆ ಎತ್ತಿಕೊಂಡರು.

ಮೊದಲ ಗ್ಯಾಸು ಉರಿಯುವುದಿಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು, ಅದನ್ನು ಸುಮ್ಮನೆ ಹೊರಗೆ ಬಿಟ್ಟುಬಿಡಬೇಕು ಎಂದು ಮೇಸ್ತ್ರಿ ಹತ್ತು ದಿನ ತಡವಾಗಿ ಹೇಳಿದ. “ನೀವು ಓದಿದಾರು, ನಿಮಗ ಗೊತ್ತಿರತೈತಿ ಅಂದ್ಕೊಂಡೆ ಬಿಡ್ರಿ ಅಕ್ಕಾರ.” ನನಗೆ ಮೀಥೇನಿನ ಆಕಾರ ಗೊತ್ತಿತ್ತು, ಕಡ್ಡಿಗಳ ನಡುವಿನ ಕೋನ ಗೊತ್ತಿತ್ತು. ಈ ಒಂದು ಮಾತು ಯಾವ ಪುಟದಲ್ಲೂ ಇರಲಿಲ್ಲ.

ಡ್ರಮ್ಮು ಬರಿದು ಮಾಡಿ ಮತ್ತೆ ಕಾದೆವು. ನಾನು ಅದರ ಮೈಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲು ಗೆರೆ ನೋಡಲು ಹೋಗುತ್ತಿದ್ದೆ. ಗೆರೆ ಇದ್ದಲ್ಲೇ ಇರುತ್ತಿತ್ತು. ವಾರವಾಯಿತು, ಎರಡಾಯಿತು. ಚಳಿಗೆ ನಿಧಾನ ಎಂದುಕೊಂಡು ಡ್ರಮ್ಮಿಗೆ ಜೋಳದ ಸೊಪ್ಪೆ ಹೊದಿಸಿದೆ. ಎಮ್ಮೆ ಎಳೆದು ತಿಂದಿತು. ಎಲ್ಲೋ ಸೋರುತ್ತಿದೆ ಎಂದುಕೊಂಡು ಕೀಲುಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದೇ ಎಂದು ಒಂದು ಮಧ್ಯಾಹ್ನ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತೆ. ಒಂದೂ ಏಳಲಿಲ್ಲ. ಸಗಣಿ ಗಟ್ಟಿಯಾಯಿತೆಂದು ತೆಳ್ಳಗೆ ಮಾಡಿಸಿದೆ, ತೆಳ್ಳಗಾಯಿತೆಂದು ಗಟ್ಟಿ ಮಾಡಿಸಿದೆ. ಮೇಸ್ತ್ರಿಗೆ ಹೇಳಿ ಕಳಿಸಿದರೆ ಅವನು ಕೂಡ್ಲಿಗಿಯ ಕಡೆ ಇನ್ನೊಂದು ಕೆಲಸ ಹಿಡಿದಿದ್ದ. ಗಂಡನನ್ನು ಕೇಳಿದರೆ, “ನಾ ಬ್ಯಾಡ ಅಂದಿದ್ನಾ, ಹ್ಞೂಂ ಅಂದಿದ್ನಾ?” ಎನ್ನುತ್ತಿದ್ದರು. ಅದಂತೂ ನಿಜ, ಅವರು ಏನೂ ಅಂದಿರಲಿಲ್ಲ.

ಹೀಗೆ ಬೇಸತ್ತು ಹೋಗಿದ್ದಾಗ ಒಂದೇ ಒಂದು ಸಮಾಧಾನವಿತ್ತು. ನೋಡಲು ಬಂದ ಓಣಿಯ ಹೆಂಗಸರೆಲ್ಲ ಮೂಗು ಮುಚ್ಚಿಕೊಂಡು ಬಂದು, ಗುಂಡಿಯ ಹತ್ತಿರ ಸೆರಗು ಇಳಿಸಿ, “ಏನವ್ವ, ಒಂದೀಟೂ ನಾತ ಇಲ್ಲಲ್ಲ. ನೊಣಾನೂ ಇಲ್ಲ. ಕಾನ್ವೆಂಟ್ನಾಕಿ ಗುಂಡಿ ಅಂದ್ರ ಗುಂಡಿ” ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ. ಕೊಳೆಯಲೆಂದೇ ತೋಡಿದ ಗುಂಡಿ ಕೊಳೆಯುತ್ತಿಲ್ಲ ಎಂದು ಅವರು ನನ್ನ ಮುಖದ ಮೇಲೆ ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದೆ.

ಸಂಕ್ರಾಂತಿ ಆಯಿತು. ತೋಟದಲ್ಲಿ ಗಿಡ ಸವರುವವರು ಒಂದು ಮಗ್ಗುಲಿನಿಂದ ಶುರು ಮಾಡಿದರು. ಆ ಸಂಜೆ ಅತ್ತೆ ಹಾಲಿಗೆ ಹೆಪ್ಪು ಹಾಕುತ್ತ ಕೂತಿದ್ದರು. ನಾನು ಹೊಸ್ತಿಲ ಮೇಲೆ ಕೂತು, ಎಲ್ಲ ಸರಿ ಮಾಡಿದರೂ ಯಾಕೆ ಹೀಗೆ ಎಂದು ಎಷ್ಟನೆಯದೋ ಸಲ ಗೊಣಗುತ್ತಿದ್ದೆ. ಒಳಗಿನ ಜೀವಿಗಳು ಕೆಲಸ ಮಾಡುತ್ತಿಲ್ಲ ಎಂದೆ.

“ಜೀವ ಅಂದ್ರ ಈ ಹೆಪ್ಪಿನಂಗ ಏನು?”

“ಹೌದು ಅತ್ತಿ, ಅದ ಥರ.”

“ಹೆಪ್ಪು ಹಿಡಿಲಿಲ್ಲಂದ್ರ ಎಲ್ಲಾರೂ ಹಾಲಿಗೆ ಬೈತಾರ,” ಅತ್ತೆ ಗಡಿಗೆಯ ಕಂಠಕ್ಕೆ ಬಟ್ಟೆ ಮುಚ್ಚಿದರು. “ನಮ್ಮವ್ವ ಗಡಿಗಿ ಮೂಸಿ ನೋಡು ಅಂತಿದ್ಲು. ಹುಣಸಿಹಣ್ಣು ಹಚ್ಚಿ ತೊಳದಿರತಾರ, ಸೀಗಿಪುಡಿ ಮೆತಗೊಂಡಿರತೈತಿ. ನೀ ನಿನ್ನ ಗಡಿಗಿ ಮೂಸಿ ನೋಡೀ ಏನು?”

ನಾನು ಎದ್ದು ಹೋದೆ. ಇನ್ನೂ ಬೆಳಕಿತ್ತು. ಗುಂಡಿಯ ಬಾಯಿಗೆ ಬಗ್ಗಿ ಮೂಸಿದೆ. ಇಷ್ಟು ದಿನ ನಾತ ಬರುತ್ತದೆಯೋ ಎಂದು ಮೂಸಿದ್ದೆ, ಏನು ಬರುತ್ತದೆ ಎಂದು ಮೂಸಿರಲಿಲ್ಲ. ಹುಲ್ಲಿನ ವಾಸನೆಯ ಕೆಳಗೆ ತೆಳ್ಳಗೆ ಇನ್ನೊಂದು ವಾಸನೆ. ಕಾನ್ವೆಂಟಿನ ಉದ್ದ ವರಾಂಡ, ಬೆಳಗಿನ ಪ್ರಾರ್ಥನೆಗೆ ಮುಂಚೆ ಒರೆಸಿದ ಕೆಂಪು ನೆಲ. ಫಿನಾಯಿಲು. ತೊಟ್ಟಿಯ ಹತ್ತಿರ ಹೋದೆ. ತೊಟ್ಟಿಯ ನೀರಿನ ಮೇಲೆ ಹಾಲಿನಂಥ ಬಿಳಿ ಪೊರೆ.

ಕೊಟ್ಟಿಗೆಯವಳು ಹಗ್ಗ ಸುತ್ತುತ್ತಿದ್ದಳು. ಕೊಟ್ಟಿಗೆ ತೊಳೆಯಲು ಫಿನಾಯಿಲು ಹಾಕುತ್ತೀಯಾ ಎಂದು ಕೇಳಿದೆ.

“ದಿನಾ ಎರಡು ಮುಚ್ಚಳಿಕಿ. ನೀವು ಮದಿವ್ಯಾಗಿ ಬಂದ ವಾರದಿಂದ ಹಾಕ್ತೀನಲ್ರಿ.”

“ಯಾರು ಹೇಳಿದ್ದು?”

“ಯಾರಂದ್ರ? ಬಚ್ಚಲಕ್ಕ ಹೋಗಬೇಕಂದ್ರ ಕೊಟ್ಟಿಗಿ ದಾಟೇ ಹೋಗಬೇಕು, ನೀವು ನಾತಕ್ಕ ವಾಂತಿ ಮಾಡಕೊಂತಿದ್ರಿ. ನಿಮ್ಮವ್ವಾರ ಕಡಿಂದ ಶೀಸೆ ತರಿಸಿ ನೀವ ಕೊಟ್ರಿ. ಅದು ತೀರಿದ ಮ್ಯಾಲ ದೊಡ್ಡಮ್ಮಾರು ಹಡಗಲಿ ಸಂತ್ಯಾಗ ತರಸ್ತಾರ. ಸೊಸಿ ಕಲತ ಹುಡುಗಿ, ಆಕಿಗೆ ಆಗಂಗಿಲ್ಲ, ಒಂದ ದಿನಾನೂ ತಪ್ಪಿಸಬ್ಯಾಡ ಅಂದಾರ. ತಪ್ಪಿಸಿಲ್ಲ.”

ನಾನು ಆ ಶೀಸೆಯನ್ನು ಪೂರ್ತಿ ಮರೆತಿದ್ದೆ. ವಾಂತಿ ನಿಂತದ್ದು ನನಗೆ ಹಳ್ಳಿ ಒಗ್ಗಿದ್ದರಿಂದ ಎಂದುಕೊಂಡಿದ್ದೆ. ಇಷ್ಟು ವರ್ಷ ಅತ್ತೆ ಒಂದು ಮಾತೂ ಆಡದೆ ನನ್ನ ಮೂಗಿಗೋಸ್ಕರ ಸಂತೆಯಿಂದ ಕರಿ ಶೀಸೆ ತರಿಸುತ್ತಿದ್ದರು. ಅದನ್ನೇ ನಾವು ತೊಟ್ಟಿಯಲ್ಲಿ ಕೂಡಿಟ್ಟು, ಒಂದು ಹನಿಯೂ ಚೆಲ್ಲದೆ, ದಿನಾ ಗುಂಡಿಗೆ ಕುಡಿಸಿದ್ದೆವು. ಕರಿ ಫಿನಾಯಿಲು ಕಲ್ಲಿದ್ದಲಿನ ಟಾರಿನಿಂದ ಬರುತ್ತದೆ. ಪುಸ್ತಕದಲ್ಲಿ ಮೀಥೇನಾದ ನಾಲ್ಕಾರು ಪುಟಕ್ಕೆ ಅದರ ಪಾಠ: ಆರು ಇಂಗಾಲಗಳು ಉಂಗುರವಾಗಿ ಕೈ ಹಿಡಿದುಕೊಂಡು ನಿಲ್ಲುವ ಚಿತ್ರ. ಅದಕ್ಕೂ ಕಡಲೆ ಚುಚ್ಚಿದ್ದೆ. ಫಿನಾಯಿಲು ಜೀವಾಣುಗಳನ್ನು ಕೊಲ್ಲುತ್ತದೆ, ಮೀಥೇನು ಜೀವಾಣುಗಳಿಂದ ಹುಟ್ಟುತ್ತದೆ ಎಂದು ಎರಡನ್ನೂ ಬೇರೆ ಬೇರೆ ದಿನ ಬಾಯಿಪಾಠ ಮಾಡಿ ಬೇರೆ ಬೇರೆ ಪ್ರಶ್ನೆಗೆ ಬರೆದು ಅಂಕ ತೆಗೆದುಕೊಂಡಿದ್ದೆ. ಒಂದು ಇನ್ನೊಂದರ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಆ ಸಂಜೆ ಕೊಟ್ಟಿಗೆಯಲ್ಲಿ ನಿಂತು ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಎಮ್ಮೆಯ ಬೆನ್ನಿಗೆ ಒಂದು ಏಟು ಹಾಕಿ ಒಳಗೆ ಬಂದೆ. ಅದಕ್ಕೂ ಆಮೇಲೆ ನಾಚಿಕೆಯಾಯಿತು.

ಮಾವನಿಗೆ ನಾನೇ ಹೇಳಿದೆ. ಮುಚ್ಚಿಟ್ಟರೆ ಕೊಟ್ಟಿಗೆಯವಳು ಹೇಳುತ್ತಿದ್ದಳು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ದನದ ಸಗಣಿಗೂ ಔಷಧ ಕುಡಿಸಿದಾಕಿ ನೀ ಒಬ್ಬಾಕಿ ನೋಡವ್ವ” ಎಂದು ಹೆಗಲ ಮೇಲಿನ ವಲ್ಲಿ ಕೊಡವಿದರು. ಫಿನಾಯಿಲಿನ ರಾಡಿ ಮಲ್ಲಿಗೆಯ ಬುಡಕ್ಕೆ ಬೇಡ ಎಂದದ್ದೂ ನಾನೇ. ಅಲ್ಲಿಗೆ ಮುಕ್ಕಾಲು ಗುಂಡಿಯ ಗೊಬ್ಬರ ಬೀಳು ಹೊಲಕ್ಕೆ ಹೋಯಿತು. ಅದನ್ನು ಬಂಡಿಯಲ್ಲಿ ಹೇರುವುದನ್ನು ಮಾವ ಕಟ್ಟೆಯ ಮೇಲೆ ಕೂತು ನೋಡಿದರು. ತೋಟದ ಸವರುವಿಕೆ ಮುಗಿಯುವ ತನಕ ಮಾತ್ರ ತಡೆಯುತ್ತೇನೆ ಎಂದರು. ಹೆಚ್ಚೆಂದರೆ ಹತ್ತು ಹನ್ನೆರಡು ದಿನ.

ಹೊಸದಾಗಿ ತುಂಬಿ ಕಾಯಲು ಅಷ್ಟು ಸಮಯವಿರಲಿಲ್ಲ. ಹೆಪ್ಪೇ ಬೇಕಿತ್ತು: ಉರಿಯುತ್ತಿರುವ ಇನ್ನೊಂದು ಗುಂಡಿಯ ರಾಡಿ. ಹರಪನಹಳ್ಳಿ ತಾಲ್ಲೂಕಿನಲ್ಲಿ ಬಾಗಳಿಯ ಹತ್ತಿರ ಒಂದು ಮನೆಯಲ್ಲಿ ಇಂಥದೇ ಗ್ಯಾಸು ವರ್ಷಗಳಿಂದ ಉರಿಯುತ್ತದೆ ಎಂದು ಗಂಡ ಯಾರನ್ನೋ ಕೇಳಿ ತಿಳಿದುಕೊಂಡು ಬಂದರು. ಈ ವಿಷಯದಲ್ಲಿ ಅವರು ತಾವಾಗಿ ಮಾಡಿದ ಮೊದಲ ಕೆಲಸ. ಎರಡು ಪೀಪಾಯಿ ಏರಿಸಿಕೊಂಡು ಟ್ರ್ಯಾಕ್ಟರಿನಲ್ಲಿ ನಾವಿಬ್ಬರೂ ಹೊರಟೆವು. ದಾರಿಯಲ್ಲಿ ಚಕ್ರ ಪಂಕ್ಚರಾಗಿ ತಲುಪುವ ಹೊತ್ತಿಗೆ ಆ ಮನೆಯಲ್ಲಿ ದೀಪ ಹಚ್ಚಿದ್ದರು.

ಮನೆಯ ಹಿರಿಯ ಹೆಂಗಸು ನೀರು ಕೊಟ್ಟು ಕೂರಿಸಿದರು. ನನ್ನ ಗಂಡ ವಿಷಯವನ್ನು ಹೇಗೆ ಹೇಳಬೇಕೋ ತಿಳಿಯದೆ, “ನಮ್ಮ ಗುಂಡಿಗೆ ಹೆಪ್ಪು ಬೇಕಾಗೈತ್ರಿ” ಎಂದುಬಿಟ್ಟರು. ಆಕೆಗೆ ಅರ್ಥವಾಯಿತು, ಮುಖವೂ ಅರಳಿತು. ಆಮೇಲೆ ಹಣತೆಯ ಕಡೆ ಒಮ್ಮೆ ನೋಡಿದರು.

“ಕೊಡಾಕೇನು, ನಮ್ಮ ಗುಂಡಿ ತುಂಬೈತೆ. ಆದರ ದೀಪ ಹಚ್ಚಿದ ಮ್ಯಾಲೆ ಹೆಪ್ಪು ಹೊರಗೆ ಕೊಡಾದಿಲ್ಲ. ಮುಂಜಾನೆ ಬರ್ರಿ.”

“ಅವ್ವಾರ, ಇದು ಮೊಸರಿನ ಹೆಪ್ಪಲ್ಲ, ಸಗಣಿ” ಎಂದೆ ನಾನು.

“ನಿಮ್ಮ ಯಜಮಾನ್ರೇ ಹೆಪ್ಪು ಅಂದ್ರಲ್ಲ. ನಮ್ಮನೆ ಒಲೆ ಉರಿಯಾದೂ ಇದರಿಂದಾನೇ. ಹೊತ್ತು ಮುಳುಗಿದ ಮ್ಯಾಲೆ ಕೊಟ್ಟು, ನಾಳೆ ನಮ್ಮದು ಆರಿದ್ರೆ?”

ನಮ್ಮ ಮನೆಯಲ್ಲೂ ದೀಪ ಹಚ್ಚಿದ ಮೇಲೆ ನೆರೆಯವರಿಗೆ ನಾನೇ ಎಷ್ಟೋ ಸಲ ಹೆಪ್ಪು ಇಲ್ಲವೆಂದಿದ್ದೆ. ಬಾಗಿಲಲ್ಲಿ ನಿಂತೇ ಅವರ ಅಡುಗೆಮನೆಯ ಒಲೆಯನ್ನು ನೋಡಿದೆ. ಸದ್ದಿಲ್ಲದೆ, ನೀಲಿಯಾಗಿ, ಪಾತ್ರೆಯ ತಳಕ್ಕೆ ಮಸಿ ಹತ್ತದೆ ಉರಿಯುತ್ತಿತ್ತು. ಗೋಡೆಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಖಾಲಿ ಪೀಪಾಯಿಗಳು ಗಡಗಡ ಉರುಳಾಡುತ್ತಿದ್ದ ಟ್ರೇಲರಿನಲ್ಲಿ ವಾಪಸು ಬಂದೆವು. ಮರುದಿನ ಗಂಡ ಒಬ್ಬರೇ ಹೋಗಿ ತಂದರು. ಆಕೆ ಪೀಪಾಯಿಯ ಬಾಯಿಗೆ ಒಂದು ಬೇವಿನ ಸೊಪ್ಪು ಸಿಕ್ಕಿಸಿ, ದಾರಿಯಲ್ಲಿ ಎಲ್ಲೂ ಇಳಿಸಬೇಡಿ ಎಂದು ಹೇಳಿ ಕಳಿಸಿದ್ದರಂತೆ.

ತೊಟ್ಟಿ ತಿಕ್ಕಿ ತೊಳೆಸಿದೆ, ಶೀಸೆ ಎಸೆಸಿದೆ. ಗುಂಡಿಗೆ ಹಳ್ಳದ ನೀರಿನಲ್ಲಿ ಕಲಸಿದ ಹೊಸ ಸಗಣಿ ತುಂಬಿ ಆ ಹೆಪ್ಪನ್ನು ಸುರಿದೆವು. ಕೊಟ್ಟಿಗೆ ಅದರ ನಿಜವಾದ ವಾಸನೆಗೆ ಮರಳಿತು. ಮೊದಲೆರಡು ದಿನ ನಾನು ಬಚ್ಚಲಿಗೆ ಉಸಿರು ಬಿಗಿಹಿಡಿದು ಓಡಿದೆ. ಅತ್ತೆ ನೋಡಿ, “ಹಾಕಸ್ಲೇನು ಒಂದ ಮುಚ್ಚಳಿಕಿ?” ಎಂದು ಕೇಳಿದರು. ಬೇಡ ಎಂದು ಕೈ ಮುಗಿದೆ. ಗುಂಡಿಯೂ ನಾರತೊಡಗಿತು, ನೊಣಗಳು ಬಂದವು, ಓಣಿಯ ಹೆಂಗಸರು ಬರುವುದನ್ನು ನಿಲ್ಲಿಸಿದರು. ಎಂಟನೆಯ ದಿನಕ್ಕೆ ಸೀಮೆಸುಣ್ಣದ ಗೆರೆ ಮೇಲಕ್ಕೆ ಹೋಗಿತ್ತು.

ಮೊದಲ ಸಲದ್ದನ್ನು ಗಾಳಿಗೆ ಬಿಟ್ಟೆ. ಎರಡನೆಯ ಸಲ ಕಡ್ಡಿ ಹಿಡಿದಾಗ ನಾನೊಬ್ಬಳೇ ಇದ್ದೆ. ಯಾರನ್ನೂ ಕರೆಯುವ ಧೈರ್ಯವಾಗಿರಲಿಲ್ಲ. ಹೊತ್ತಿತು. ಬರ್ನರಿನ ಸುತ್ತ ಮಲ್ಲಿಗೆಯ ಮೊಗ್ಗು ಪೋಣಿಸಿದಂಥ ಸಣ್ಣ ಸಣ್ಣ ನೀಲಿ ನಾಲಿಗೆಗಳು. ತೋಟದಲ್ಲಿ ಇನ್ನೂ ಎರಡು ಸಾಲು ಸವರುವುದು ಬಾಕಿಯಿತ್ತು. ಮಾವ ಬಂದು ನೋಡಿ, ಕೈ ಚಾಚಿ ಕಾವು ಪರೀಕ್ಷಿಸಿ, “ಹ್ಞೂಂ” ಎಂದು ಹೋದರು. ಆ ವರ್ಷ ಮಲ್ಲಿಗೆಗೆ ಗೊಬ್ಬರವನ್ನು ಬೇರೆಯವರ ತಿಪ್ಪೆಯಿಂದ ತಂದರು. ಮಾವ ಅದನ್ನು ಬೇಸಗೆಯುದ್ದಕ್ಕೂ ಆಡಿ ತೋರಿಸಿದರು.

ಮರುದಿನ ಬೆಳಿಗ್ಗೆ ಅತ್ತೆ ಹೊಸ ಒಲೆಯ ಮೇಲೆ ಹಂಚಿಟ್ಟು ಮೊದಲ ರೊಟ್ಟಿ ಹಾಕಿದರು. ನಾನು ಅವರ ಎದೆಯನ್ನೇ ನೋಡುತ್ತಿದ್ದೆ. ಮೂರನೆಯ ರೊಟ್ಟಿ ಬಂತು, ಕೆಮ್ಮು ಬರಲಿಲ್ಲ. ನಾಲ್ಕನೆಯದಕ್ಕೆ ಅತ್ತೆ ಒಲೆ ಆರಿಸಿದರು.

“ಯಾಕತ್ತಿ?”

“ನೋಡಿಲ್ಲಿ.” ರೊಟ್ಟಿ ಎತ್ತಿ ತೋರಿಸಿದರು. ನಡುವೆ ಕಲೆ ಬಿದ್ದಿತ್ತು, ಅಂಚಿನಲ್ಲಿ ಹಿಟ್ಟು ಹಸಿಯಾಗಿ ಬೆಳ್ಳಗೆ ಉಳಿದಿತ್ತು. ಜೋಳದ ರೊಟ್ಟಿಗೆ ಹಂಚಿನ ಅಂಚಿನ ತನಕ ಬೆಂಕಿ ಬೇಕು, ಆಮೇಲೆ ಕೆಂಡಕ್ಕೆ ಆನಿಸಿ ಉಬ್ಬಿಸಬೇಕು. ನನ್ನ ನೀಲಿ ಉರಿ ಹಂಚಿನ ನಡುವನ್ನಷ್ಟೇ ಮುಟ್ಟುತ್ತಿತ್ತು. “ಚಾಕ್ಕ ಬರೋಬರಿ ಐತಿ. ಅನ್ನಕ್ಕ, ಸಾರಿಗೆ ಐತಿ. ರೊಟ್ಟಿಗೆ ಈಕಿ ಇನ್ನಾ ಸಣ್ಣಾಕಿ.”

“ಹಂಗಾದ್ರ ಅನ್ನಾನೇ ತಿನ್ನೋಣು.”

“ನಿಮ್ಮ ಮಾವಗ ಹೇಳು ಹೋಗು,” ಎಂದು ನಕ್ಕರು. ನಕ್ಕು ಎದ್ದು ಕಟ್ಟಿಗೆ ಒಲೆಯ ಕಡೆ ಹೋದರು. ಮೊಣಕಾಲಿಗೆ ಕೈಯೂರಿ ಕೂತು, ಜಾಲಿಯ ಎರಡು ಕೊಂಬೆ ಒಳಗೆ ತಳ್ಳಿದರು.

ಇಷ್ಟು ತಿಂಗಳು ನಾನು ಹುಡುಕಿದ್ದು ಬೆಂಕಿಯನ್ನು. ಹೊಗೆಯಿಲ್ಲದ ಬೆಂಕಿ ಬಂದರೆ ಸಾಕು, ಅತ್ತೆ ಉಳಿದಂತೆ ಎಂದುಕೊಂಡಿದ್ದೆ. ಬೆಂಕಿ ಬಂದು ಮಗ್ಗುಲಲ್ಲೇ ಕೂತಿತ್ತು. ಅವರು ಆ ಕಡೆ ಬೆನ್ನು ಮಾಡಿ ಊದುಗೊಳವೆ ಎತ್ತಿಕೊಂಡರು. ಡಾಕ್ಟರು ಹೇಳಿದ ಎರಡು ಮಳೆಗಾಲಗಳಲ್ಲಿ ಒಂದು ಆಗಲೇ ಕಳೆದಿತ್ತು. ನಾನು ಅವರ ಕೈಯಿಂದ ಕೊಳವೆ ಕಿತ್ತುಕೊಂಡೆ. ಹಾಗೆ ಅವರ ಕೈಯಿಂದ ಏನನ್ನಾದರೂ ಕಿತ್ತುಕೊಂಡದ್ದು ಅದೇ ಮೊದಲು.

“ನೀವು ಏಳ್ರಿ. ರೊಟ್ಟಿ ನಾ ಬಡೀತೀನಿ.”

“ನಿನಗ ಬರಂಗಿಲ್ಲ ತಂಗಿ. ನಿನ್ನ ರೊಟ್ಟಿ ಹರೀತೈತಿ.”

“ಹರೀಲಿ. ಹೊರಗ ಕುಂತು ಹೇಳ್ರಿ, ಹೆಂಗ ಬಡೀಬೇಕಂತ.”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ಎದ್ದು ಪಡಸಾಲೆಯ ಬಾಗಿಲಿಗೆ, ಗಾಳಿ ಬೀಸುವ ಕಡೆ ಹೋಗಿ ಕೂತರು. ಮೊದಲ ರೊಟ್ಟಿ ಎತ್ತುವಾಗಲೇ ಎರಡು ತುಂಡಾಯಿತು. ಎರಡನೆಯದು ಸೀದಿತು. ಹೊಗೆ ತಿರುಗಿ ನನ್ನ ಮುಖಕ್ಕೇ ಬಂತು, ಕಣ್ಣೀರು ಹಿಟ್ಟಿನ ಮೇಲೆ ಬೀಳದಂತೆ ತೋಳಿನಿಂದ ಒರೆಸಿಕೊಂಡೆ. ಮೂರನೆಯದು ಹಾಕುವ ಹೊತ್ತಿಗೆ ಗಂಟಲು ಕೆರೆಯತೊಡಗಿತು. ಪಡಸಾಲೆಯಿಂದ ಅತ್ತೆಯ ದನಿ ಬಂತು.

“ಅಂಚು ದಪ್ಪಾತು. ಅಂಗೈಲೆ ಅಲ್ಲ, ಬೆರಳಿಲೆ ತಟ್ಟು.”